ಡಬ್ಬಮೋಕ್ಷ ಮೀಮಾಂಸೆ

ಪೀಠಿಕೆ

ಕುಡಿದು ಬಿಸಾಡಿದ ಅಲ್ಯೂಮಿನಿಯಂ ಡಬ್ಬಗಳನ್ನು ಕತ್ತರಿಸಿ, ಹಲಗೆಗೆ ಬಡಿದು, ಮರ್ಲಿನ್ ಮನ್ರೋ, ಎಲ್ವಿಸ್ ಪ್ರೀಸ್ಲಿ, ಐನ್‌ಸ್ಟೈನ್ ಮೊದಲಾದವರ ಮುಖ ಮೂಡಿಸುವ ಕಲೆಯೊಂದು ಅಮೆರಿಕದಲ್ಲಿ ರೂಢಿಯಲ್ಲಿದೆ. ಇದಕ್ಕೊಂದು ಶಾಸ್ತ್ರವಿಲ್ಲದಿರುವುದು ವಿದ್ವಲ್ಲೋಕಕ್ಕೆ ಅಂಟಿದ ಕೊಳೆ. ಅದನ್ನು ತೊಳೆಯಲು ಈ ಪ್ರಬಂಧ ಹೊರಟಿದೆ. ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳಲೇಬೇಕು. ವಿಷಯ: ಖಾಲಿ ಡಬ್ಬ. ಸಂಬಂಧ: ಡಬ್ಬಕ್ಕೂ ಮುಖಕ್ಕೂ ನಡುವಿನ ಅಂಟು. ಪ್ರಯೋಜನ: ಗೋಡೆಯ ಬಿರುಕು ಮುಚ್ಚುವುದು. ಅಧಿಕಾರಿ: ಕುಡಿದಾದ ಮೇಲೂ ಡಬ್ಬವನ್ನು ಹಿಸುಕದೆ ಕೆಳಗಿಡುವಷ್ಟು ಸಂಯಮ ಉಳ್ಳವನು.

ದ್ರವ್ಯನಿರ್ಣಯ

ಈ ಲೋಹದ ಕುಲಗೋತ್ರ ಸಾಮಾನ್ಯದ್ದಲ್ಲ. 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುತ್ತತುದಿಗೆ ಕಳಶವಾಗಿ ಕೂರಿಸಿದ್ದು ಅಲ್ಯೂಮಿನಿಯಂ ತುಂಡನ್ನೇ. ಆಗ ಅದು ಬೆಳ್ಳಿಯ ಸಾಲಿನಲ್ಲಿ ಕೂರುವ ಲೋಹ. ಎರಡೇ ವರ್ಷದಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ, ಒಬ್ಬರ ಸುದ್ದಿ ಇನ್ನೊಬ್ಬರಿಗಿಲ್ಲದೆ, ವಿದ್ಯುತ್ತಿನಿಂದ ಅದನ್ನು ಅಗ್ಗವಾಗಿ ತೆಗೆಯುವ ಒಂದೇ ಉಪಾಯ ಕಂಡುಹಿಡಿದರು. 1959ರಲ್ಲಿ ಕೂರ್ಸ್ ಕಂಪನಿ ಅದರೊಳಗೆ ಬಿಯರ್ ತುಂಬಿತು. ಸ್ಮಾರಕದ ಶಿಖರದಿಂದ ಕಸದ ಬುಟ್ಟಿಯ ತಳಕ್ಕೆ ಇಳಿಯಲು ಅದಕ್ಕೆ ಹಿಡಿದದ್ದು ಮುಕ್ಕಾಲು ಶತಮಾನ. ರಾಜಕಾರಣಿಗಳು ಇದಕ್ಕಿಂತ ಬೇಗ ಇಳಿಯುತ್ತಾರೆ.

ಕೆಲವರು ಆಂಡಿ ವಾರ್ಹೋಲ್ 1962ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪ್ರದರ್ಶಿಸಿದ ಕ್ಯಾಂಪ್‌ಬೆಲ್ ಸೂಪಿನ 32 ಡಬ್ಬಗಳನ್ನು ಈ ಕಲೆಯ ಮೂಲವೆನ್ನುತ್ತಾರೆ. ಇದು ಅಶಾಸ್ತ್ರೀಯ. ಒಂದನೆಯದಾಗಿ, ಅವು ಡಬ್ಬಗಳಲ್ಲ, ಡಬ್ಬದ ಚಿತ್ರಗಳು. ಎರಡನೆಯದಾಗಿ, ಸೂಪಿನ ಡಬ್ಬ ತವರ ಹಚ್ಚಿದ ಉಕ್ಕಿನದು. ಅಯಸ್ಕಾಂತಕ್ಕೆ ಅಂಟಿಕೊಳ್ಳುವುದು ಬೇರೆ ಗೋತ್ರ. ಈ ಭೇದ ಯಾವ ಗುಜರಿ ಅಂಗಡಿಯವನಿಗೂ ಗೊತ್ತು, ಕಲಾವಿಮರ್ಶಕರಿಗೆ ಮಾತ್ರ ಹೇಳಿಕೊಡಬೇಕು.

ವಿಧಿ

ಮೊದಲು ಡಬ್ಬದ ತಲೆ ಮತ್ತು ತಳ ಕತ್ತರಿಸಿ, ಹೊಟ್ಟೆಯನ್ನು ಉದ್ದಕ್ಕೆ ಸೀಳಬೇಕು. ಸಿಕ್ಕುವ ತಗಡಿನ ದಪ್ಪ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು. ಬೆರಳು ಕುಯ್ಯಲು ಅಷ್ಟು ಸಾಕು. ಬಿಡಿಸಿದಷ್ಟೂ ಅದು ಮತ್ತೆ ಸುರುಳಿ ಸುತ್ತಿಕೊಳ್ಳುತ್ತದೆ; ಇದು ಪೂರ್ವಜನ್ಮದ ವಾಸನೆ. ದಪ್ಪನೆಯ ಪಿಎಚ್.ಡಿ. ಮಹಾಪ್ರಬಂಧದಡಿ ಒಂದು ರಾತ್ರಿ ಇಟ್ಟರೆ ಚಪ್ಪಟೆಯಾಗುತ್ತದೆ. ಮಹಾಪ್ರಬಂಧದ ಉಪಯುಕ್ತತೆಗೆ ದೊರೆತ ಪ್ರಥಮ ಪ್ರಮಾಣವಿದು.

ವರ್ಣವಿಚಾರ ಇನ್ನೂ ಸೂಕ್ಷ್ಮ. ತುಟಿಗೆ ಕೋಕಾ-ಕೋಲಾದ ಕೆಂಪು, ಕಣ್ಣಿಗೆ ಪೆಪ್ಸಿಯ ನೀಲಿ, ಹೊಳಪಿಗೆ ತಗಡಿನ ಒಳಮೈ. ಆದರೆ ಮನುಷ್ಯನ ಚರ್ಮದ ಬಣ್ಣದ ಡಬ್ಬದಲ್ಲಿ ಪಾನೀಯ ಮಾರುವ ಧೈರ್ಯ ಕಂಪನಿಗಳಿಗೆ ಸಾಲದು. ಆದ್ದರಿಂದ ಕೆನ್ನೆಗೆ ಸ್ಪ್ರೈಟಿನ ಹಸಿರು ಬೀಳುತ್ತದೆ. ಅದನ್ನು ಕಂಡ ವಿಮರ್ಶಕರು ಅಲ್ಲಿ ಆಧುನಿಕ ಮಾನವನ ವಿಷಾದವನ್ನು ಗುರುತಿಸುತ್ತಾರೆ.

ಸಂಖ್ಯಾನಿರ್ಣಯ

ಒಂದು ಮುಖಕ್ಕೆ ಎಷ್ಟು ತುಂಡು ಬೇಕು? 1973ರಲ್ಲಿ ಬೆಲ್ ಪ್ರಯೋಗಾಲಯದ ಲಿಯಾನ್ ಹಾರ್ಮನ್ ಅಬ್ರಹಾಂ ಲಿಂಕನ್ನರ ಮುಖವನ್ನು ಬರೀ 252 ಚೌಕಗಳಲ್ಲಿ ತೋರಿಸಿದರು. ಹತ್ತಿರದಿಂದ ಬೂದು ಚೌಕಗಳು. ದೂರ ಸರಿದು ಕಣ್ಣು ಕಿರಿದು ಮಾಡಿದರೆ ಸಾಕ್ಷಾತ್ ಲಿಂಕನ್. ಇದರಿಂದ ಹುಟ್ಟುವ ಸೂತ್ರ: ಕೀರ್ತಿ ಹೆಚ್ಚಿದಷ್ಟೂ ಡಬ್ಬ ಕಡಿಮೆ. ಚಾಪ್ಲಿನ್‌ಗೆ ಟೋಪಿ, ಮೀಸೆ ಸಾಕು. ಸ್ವಚ್ಛ ಭಾರತದ ಲಾಂಛನದಲ್ಲಿ ಕನ್ನಡಕವೊಂದೇ ಇದೆ, ಗಾಂಧೀಜಿ ಅದರಲ್ಲೇ ಕಾಣುತ್ತಾರೆ. ಶಾಸ್ತ್ರಪ್ರಕಾರ ಅವರಿಗೆ ಡಬ್ಬದ ಎರಡು ತಳ ಧಾರಾಳ. ಪ್ರಸ್ತುತ ಪ್ರಬಂಧಕಾರನಿಗೆ ಎಷ್ಟು ಬೇಕೆಂಬ ಪ್ರಶ್ನೆಯನ್ನು ಲೋಹದ ಅಭಾವದ ದೃಷ್ಟಿಯಿಂದ ಕೈಬಿಡಲಾಗಿದೆ.

ಪೂರ್ವಪಕ್ಷ

‘ಇದು ಮರುಬಳಕೆಯ ಕಲೆ, ಭೂಮಿಯನ್ನು ಉಳಿಸುತ್ತದೆ’ ಎಂದು ಪೂರ್ವಪಕ್ಷಿ ವಾದಿಸುತ್ತಾನೆ. ಅಲ್ಲ. ಗುಜರಿಗೆ ಹೋದ ಡಬ್ಬ ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, ಹಾಳೆಯಾಗಿ, ಎಲ್ಲವೂ ಸುಸೂತ್ರವಾದರೆ ಎರಡು ತಿಂಗಳಲ್ಲಿ ಹೊಸ ಡಬ್ಬವಾಗಿ ಅಂಗಡಿಗೆ ಮರಳಬಲ್ಲದು. ಅದಿರಿನಿಂದ ಹೊಸ ಲೋಹ ತೆಗೆಯುವುದಕ್ಕೆ ಹೋಲಿಸಿದರೆ ಶೇ. 95ರಷ್ಟು ಶಕ್ತಿ ಉಳಿತಾಯ. ಜೀವಿಗಳಿಗೆ ಎಂಬತ್ತನಾಲ್ಕು ಲಕ್ಷ ಯೋನಿಗಳಾದರೆ ಇದಕ್ಕೆ ಇರುವುದೊಂದೇ: ಡಬ್ಬ ಸತ್ತು ಡಬ್ಬವಾಗಿಯೇ ಹುಟ್ಟುತ್ತದೆ. ಕಲಾವಿದ ಬಂದು ಈ ಚಕ್ರದಿಂದ ಅದನ್ನು ಎಳೆದು, ಮನ್ರೋ ಅವರ ಮೂಗಿಗೆ ಮೊಳೆ ಹೊಡೆದು ನಿಲ್ಲಿಸುತ್ತಾನೆ. ಅದು ಇನ್ನು ಕರಗುವುದಿಲ್ಲ, ತುಂಬುವುದಿಲ್ಲ, ಯಾರ ಬಾಯಿಗೂ ತಾಗುವುದಿಲ್ಲ. ಅದರ ಜಾಗ ತುಂಬಲು ಎಲ್ಲೋ ಒಂದು ಗುಡ್ಡದ ಬಾಕ್ಸೈಟ್ ಅಗೆಯಬೇಕು. ಭೂಮಿಗೆ ಏನಾಯಿತೆಂಬುದು ಬೇರೆ ಮಾತು, ಡಬ್ಬಕ್ಕಂತೂ ಮೋಕ್ಷವಾಯಿತು.

ಸಿದ್ಧಾಂತ

ಆದರೆ ಅದೇ ಮೊಳೆಯ ಏಟಿಗೆ ಮನ್ರೋ ಅವರಿಗೆ ಮತ್ತೊಂದು ಜನ್ಮ. ಅವರು ತೀರಿಕೊಂಡದ್ದು 1962ರ ಆಗಸ್ಟಿನಲ್ಲಿ. ಅದೇ ತಿಂಗಳು ವಾರ್ಹೋಲ್ ಅವರು ‘ನಯಾಗರ’ ಚಿತ್ರದ ಪ್ರಚಾರ ಫೋಟೋ ಹಿಡಿದು ಅಚ್ಚು ಹಾಕಲು ಕೂತರು. ಆಮೇಲೆ ಆ ಮುಖಕ್ಕೆ ಕಾಫಿ ಕಪ್, ಬನಿಯನ್, ಗಡಿಯಾರ, ಈಗ ಡಬ್ಬ. ಆ ಫೋಟೋದಿಂದ ಮೂಡಿದ ವಾರ್ಹೋಲ್ ಚಿತ್ರವೊಂದು 2022ರಲ್ಲಿ ಸುಮಾರು 19.5 ಕೋಟಿ ಡಾಲರಿಗೆ ಹರಾಜಾಯಿತು. ನ್ಯೂಯಾರ್ಕಿನಲ್ಲಿ ಖಾಲಿ ಡಬ್ಬ ಮರಳಿಸಿದರೆ ಸಿಗುವ ಠೇವಣಿ ಐದು ಸೆಂಟು. ಅಂದರೆ ಒಬ್ಬ ಮನ್ರೋಗೆ 390 ಕೋಟಿ ಡಬ್ಬ. ಇಷ್ಟು ಬೆಲೆ ಬಾಳುವವರನ್ನು ಸಾಯಲು ಬಿಡುವಷ್ಟು ಉದಾರಿಗಳು ಯಾರಿದ್ದಾರೆ?

ಫಲಶ್ರುತಿ

ಈ ಪ್ರಬಂಧವನ್ನು ಶ್ರದ್ಧೆಯಿಂದ ಓದಿದವರ ಮನೆಯಲ್ಲಿ ತಗಡು ಕತ್ತರಿ ಮೊಂಡಾಗದು, ಬೆರಳು ಕುಯ್ದು ಟಿಟಿ ಚುಚ್ಚಿಸಿಕೊಳ್ಳುವ ಯೋಗ ಬಾರದು. ಖ್ಯಾತಿ ಬಯಸುವವರು ಪ್ರಯತ್ನ ಮುಂದುವರಿಸಲಿ, ಪ್ರತಿ ತಲೆಮಾರೂ ಅವರನ್ನು ಹೊಸ ಕಚ್ಚಾವಸ್ತುವಿನಲ್ಲಿ ಹುಟ್ಟಿಸುತ್ತದೆ. ಮೋಕ್ಷವೇ ಬೇಕೆನ್ನುವ ಮುಮುಕ್ಷುಗಳಿಗೆ ಶಾಸ್ತ್ರ ತೋರಿಸುವ ದಾರಿ ಒಂದೇ: ಒಳಗಿನದನ್ನೆಲ್ಲ ಖಾಲಿ ಮಾಡಿಕೊಂಡು, ಯಾರಾದರೂ ದೊಡ್ಡವರ ಮೂಗಿನಡಿ ಜಾಗ ಹಿಡಿಯುವುದು. ನಮ್ಮ ಅಕಾಡೆಮಿಗಳ ಅನುಭವವೂ ಇದನ್ನೇ ಸಮರ್ಥಿಸುತ್ತದೆ.