ತುಕ್ಕಿನ ವಯಸ್ಸು

ಬಂಡ್ರಿಯಲ್ಲಿ ಹಿರಿಯರನ್ನು ಯಾರನ್ನಾದರೂ "ಸಂಡೂರಿನ ಗುಡ್ಡಕ್ಕೆ ಎಷ್ಟು ವಯಸ್ಸು?" ಎಂದು ಕೇಳಿ ನೋಡಿ. "ನಮ್ ತಾತನ ಕಾಲದಾಗೂ ಹಿಂಗೇ ಇತ್ತು ಬಿಡ್ರಿ" ಎಂದಾರು. ಭೂವಿಜ್ಞಾನಿಗಳೂ ಇದನ್ನು ತಪ್ಪೆನ್ನಲಾರರು. ಅವರ ಪ್ರಕಾರ ಆ ಕಲ್ಲಿಗೆ ಸುಮಾರು 270 ಕೋಟಿ ವರ್ಷ. ತಾತನ ಕಾಲವೂ ಅದರೊಳಗೇ ಬಂತು.

ಕೋಟಿ ವರ್ಷವೆಂದರೆ ಬೆದರುವ ಜನ ನಾವಲ್ಲ. ಗೃಹಪ್ರವೇಶದ ಸಂಕಲ್ಪದಲ್ಲಿ ಪುರೋಹಿತರು ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗಗಳನ್ನೆಲ್ಲ ಒಂದೇ ಉಸಿರಿನಲ್ಲಿ ದಾಟಿ ಯಜಮಾನರ ಗೋತ್ರಕ್ಕೆ ಬಂದು ನಿಲ್ಲುತ್ತಾರೆ. ಒಂದು ಕಲ್ಪಕ್ಕೆ 432 ಕೋಟಿ ವರ್ಷ. ವಿಜ್ಞಾನ ಭೂಮಿಗೆ ಕೊಟ್ಟಿರುವ ವಯಸ್ಸು 454 ಕೋಟಿ. ಇದು ಕಾಕತಾಳೀಯ ಎಂದು ಪುರೋಹಿತರ ಎದುರು ಹೇಳುವ ಧೈರ್ಯ ನನಗಿಲ್ಲ, ದಕ್ಷಿಣೆ ಏರೀತು.

ಮಕ್ಕಳಿಗೆ ಮಾತ್ರ ಹಳೆಯ ಕಾಲವೆಂದರೆ ಡೈನೋಸಾರ್. ನಮ್ಮ ಗುಡ್ಡದಲ್ಲಿ ಅದರ ಒಂದು ಮೂಳೆಯೂ ಸಿಗದೆಂದರೆ ಮುಖ ಸಪ್ಪೆಯಾಗುತ್ತದೆ. ಡೈನೋಸಾರ್ ಬಂದದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಈ ಕಲ್ಲಿನ ಮುಂದೆ ಮೊನ್ನೆ ಹುಟ್ಟಿದ ಕೂಸು. ಈ ಕಲ್ಲು ಹುಟ್ಟಿದಾಗ ಮೂಳೆಯುಳ್ಳ ಪ್ರಾಣಿಯೇ ಇರಲಿಲ್ಲ. ಇಲ್ಲಿ ಸಮುದ್ರವಿತ್ತು, ಅದರೊಳಗೆ ಕಣ್ಣಿಗೆ ಕಾಣದ ಜೀವಿಗಳಿದ್ದವು. ಅವು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್ ಎಂಬ ಕಲ್ಲಿನ ಗುರುತುಗಳು ಸಂಡೂರಿನಲ್ಲಿ ಸಿಕ್ಕಿವೆ. ಅಂಥ ಜೀವಿಗಳು ಬಿಟ್ಟ ಆಮ್ಲಜನಕ ತಾಗಿ, ನೀರಿನಲ್ಲಿ ಕರಗಿದ್ದ ಕಬ್ಬಿಣ ತುಕ್ಕು ಹಿಡಿದು ತಳಕ್ಕಿಳಿಯಿತು ಎಂಬುದು ವಿಜ್ಞಾನಿಗಳಲ್ಲಿ ಬಳಕೆಯಲ್ಲಿರುವ ವಿವರಣೆ. ನಾವು ಅದಿರು ಎಂದು ಹೆಮ್ಮೆಪಡುವುದು ಸಮುದ್ರಕ್ಕೆ ಹಿಡಿದ ತುಕ್ಕನ್ನು.

ಈ ಸೀಮೆಯನ್ನೆಲ್ಲ ಸುತ್ತಿ ರಾಬರ್ಟ್ ಬ್ರೂಸ್ ಫುಟ್ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು. ಅದು 1895ರಲ್ಲಿ ಅಚ್ಚಾಯಿತು. ಇಂಥ ಶಿಲೆಗಳಿಗೆ ಧಾರವಾಡದ ಹೆಸರಿಟ್ಟವರೂ ಅವರೇ. ಜೂರಾ ಪರ್ವತದಿಂದ ಜುರಾಸಿಕ್ ಬಂದು ಸಿನಿಮಾ ಸೇರಿತು. ಧಾರವಾಡಕ್ಕೆ ಪೇಡೆಯ ಕೀರ್ತಿಯೇ ಸಾಕಾಯಿತೋ ಏನೋ.

ಹೊಸಪೇಟೆ ದಾಟಿ ಹಂಪಿಗೆ ಹೋದರೆ ಕಲ್ಲು ಬದಲಾಗುತ್ತದೆ. ಅದು ಸುಮಾರು 250 ಕೋಟಿ ವರ್ಷದ ಗ್ರಾನೈಟ್. ವಾಲಿ ಸುಗ್ರೀವರು ಜಗಳದಲ್ಲಿ ಎಸೆದಾಡಿದ ಬಂಡೆಗಳಿವು ಎಂಬುದು ಜನರ ನಂಬಿಕೆ. ಬಿರುಕಿನಲ್ಲಿ ನೀರಿಳಿದು, ಮೂಲೆಗಳು ಸವೆದು ಗುಂಡಾದವು ಎನ್ನುತ್ತದೆ ವಿಜ್ಞಾನ. ಈ ಕಲ್ಲಿಗೆ ಶಾಸ್ತ್ರದಲ್ಲಿ 'ಕ್ಲೋಸ್‌ಪೇಟೆ ಗ್ರಾನೈಟ್' ಎಂಬ ಹೆಸರು. ಕ್ಲೋಸ್‌ಪೇಟೆ ಎಂದರೆ ಇಂದಿನ ರಾಮನಗರ. ಸುಗ್ರೀವನ ಬಂಡೆಗೆ ರಾಮನೂರಿನ ಹೆಸರು! ತ್ರೇತಾಯುಗದ ಒಪ್ಪಂದ ಇನ್ನೂ ಊರ್ಜಿತದಲ್ಲಿದೆ.

ಒಪ್ಪಂದವೆಂದಾಗ ಗಣಿಯ ನೆನಪಾಗುತ್ತದೆ. ಗಣಿ ಕಾಯ್ದೆಯ 2015ರ ತಿದ್ದುಪಡಿಯ ಪ್ರಕಾರ ಹೊಸ ಗಣಿ ಗುತ್ತಿಗೆಯ ಅವಧಿ 50 ವರ್ಷ. ಸರಕು 270 ಕೋಟಿ ವರ್ಷದ್ದು, ಕಾಗದ ಐವತ್ತರದ್ದು. ಆ ಐವತ್ತು ಬರುವವರೆಗೂ ಕಾಯುವ ತಾಳ್ಮೆ ನಮಗಿರಲಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಲಾರಿಗಳು ಸಾಲುಗಟ್ಟಿ ಎಷ್ಟು ಹೊತ್ತವೆಂದರೆ, 2011ರಲ್ಲಿ ಸುಪ್ರೀಂ ಕೋರ್ಟೇ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಬೇಕಾಯಿತು.

ಭೂಮಿಯ ಮೇಲೆ ಮನುಷ್ಯನ ಗುರುತು ಇಷ್ಟು ಆಳವಾಗಿರುವಾಗ ಅವನ ಹೆಸರಿನಲ್ಲೇ ಒಂದು ಹೊಸ ಯುಗ ಸಾರಬೇಕೆಂದು ಕೆಲವು ವಿಜ್ಞಾನಿಗಳು ಪಟ್ಟು ಹಿಡಿದಿದ್ದರು. 2024ರಲ್ಲಿ ಸಂಬಂಧಪಟ್ಟ ಸಮಿತಿ ಮತ ಹಾಕಿ ಅದನ್ನು ತಳ್ಳಿಹಾಕಿತು. ಮತ ಹಾಕುವ ಮೊದಲು ಸದಸ್ಯರು ಬಿಳಿ ಅಂಗಿ ತೊಟ್ಟು, ಅದಿರಿನ ಲಾರಿಯ ಹಿಂದೆ ಬೈಕಿನಲ್ಲಿ ಸಂಡೂರಿನವರೆಗೆ ಒಮ್ಮೆ ಹೋಗಿಬರಬೇಕಿತ್ತು.