ನಾಲ್ಕನೇ ಮಹಡಿಯ ಸೂಪಶಾಸ್ತ್ರಿಗಳು

ಬ್ಯಾಂಕಿನ ಕೆಲಸದಲ್ಲಿದ್ದಷ್ಟು ಕಾಲ ಅವರು ಅಡುಗೆಮನೆಗೆ ಬರುತ್ತಿದ್ದದ್ದು ನೀರು ಕುಡಿಯಲು. ನಿವೃತ್ತರಾದ ಮೇಲೆ ಬರುತ್ತಿರುವುದು ಪರಂಪರೆ ಉಳಿಸಲು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇಂಥವರು ಈಗ ಬಿಲ್ಡಿಂಗಿಗೊಬ್ಬರು ಸಿಗುತ್ತಾರೆ. ನಮ್ಮವರು ನಾಲ್ಕನೇ ಮಹಡಿಯಲ್ಲಿದ್ದಾರೆ. 1508ರ ಸುಮಾರಿಗೆ ಮೂರನೆಯ ಮಂಗರಸ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ ಕೈಗೆ ಸಿಕ್ಕಂದಿನಿಂದ ಅವರ ನಿಜವಾದ ಹೆಸರನ್ನು ಎಲ್ಲರೂ ಮರೆತಿದ್ದಾರೆ. ಈಗ ಅವರು ಬರೀ ಸೂಪಶಾಸ್ತ್ರಿಗಳು.

ಶಾಸ್ತ್ರಿಗಳ ಮೊದಲ ಕಾನೂನು: ಮಂಗರಸ ಕಾಣದ ಪದಾರ್ಥ ಒಲೆ ಏರಕೂಡದು. ಪೋರ್ಚುಗೀಸರ ಹಡಗಿನಲ್ಲಿ ಬಂದ ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆಗಳಿಗೆ ಗಡಿಪಾರು. ಬ್ಯಾಡಗಿಯ ಹೆಸರೆತ್ತಿದರೆ, “ಅದರ ಮೂಲ ಹಾವೇರಿ ಜಿಲ್ಲೆಯಲ್ಲ, ಅಮೆರಿಕ” ಎಂದು ಬೆರಳೆತ್ತುತ್ತಾರೆ. “ಕಾಫೀನೂ ಮಂಗರಸ ಕುಡಿದಿರಲಿಲ್ಲವಲ್ಲ ಮಾವ?” ಎಂದು ಸೊಸೆ ಕೇಳಿದಳು. “ಕಾಫಿ ಅಡುಗೆಯಲ್ಲಮ್ಮ, ಔಷಧಿ” ಎಂದು ಎರಡನೇ ಲೋಟಕ್ಕೆ ಕೈಚಾಚಿದರು. ಗ್ಯಾಸ್ ಸಿಲಿಂಡರಿನ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಸೌದೆ ಬಂದೀತೆಂಬ ಭಯ.

ಮಂಗರಸ ಬದನೆಕಾಯಿಗೆಂದೇ ಒಂದು ಅಧ್ಯಾಯ ಕೊಟ್ಟಿದ್ದಾನೆ. ಅದು ಮುಗಿಯುವವರೆಗೆ ಆ ಮನೆಗೆ ಬೇರೆ ತರಕಾರಿ ಬರಲಿಲ್ಲ. ಎಷ್ಟು ಜೀರಿಗೆ ಎಂಬಲ್ಲಿ ಪದ್ಯ ಬಾಯಿ ಬಿಡದಿದ್ದರೆ ಶಾಸ್ತ್ರಿಗಳು ಅದನ್ನು ಕವಿಯ ಸಂಯಮ ಎನ್ನುತ್ತಾರೆ. ಅವರ ಮನೆಯವರು ನಲವತ್ತು ವರ್ಷದಿಂದ ಕಣ್ಣಳತೆಯಲ್ಲೇ ಹುಳಿ ಮಾಡುತ್ತಿದ್ದಾರೆ. ಅದು ಮಾತ್ರ ಅಶಾಸ್ತ್ರೀಯ. ಪದ್ಯದಲ್ಲಿ ಯಾವುದು ರುಚಿಗೆ ಬಂದದ್ದು, ಯಾವುದು ಪ್ರಾಸಕ್ಕೆ ಬಂದದ್ದು ಎಂದು ಆಕೆ ಕೇಳಿದ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.

ಅಳತೆ ಇರುವ ಪುಸ್ತಕ ಇನ್ನೂ ಅಪಾಯ. ಅಜ್ಜಿಯ ಕಾಲದ ಪಾಕಪುಸ್ತಕವೊಂದು ‘ಒಂದು ಸೇರು’ ಎಂದು ಹೇಳಿ ಸುಮ್ಮನಾಗಿತ್ತು. ಪಕ್ಕಾ ಸೇರಿಗೆ 80 ತೊಲ, ಅಂದರೆ ಸುಮಾರು 933 ಗ್ರಾಂ. ಕಚ್ಚಾ ಸೇರಿಗೆ 24 ತೊಲ, ಸುಮಾರು 280 ಗ್ರಾಂ. ಶಾಸ್ತ್ರಿಗಳು ಕಡಲೆಹಿಟ್ಟನ್ನು ಕಚ್ಚಾ ಸೇರಿನಲ್ಲೂ ಸಕ್ಕರೆಯನ್ನು ಪಕ್ಕಾ ಸೇರಿನಲ್ಲೂ ಅಳೆದು ಮೈಸೂರುಪಾಕು ಮಾಡಿದರು. ಬಾಣಲೆ ಇವತ್ತಿಗೂ ಪೂರ್ತಿ ಬಿಟ್ಟುಕೊಟ್ಟಿಲ್ಲ. ಅದೇ ಪುಸ್ತಕದಲ್ಲಿ ‘ಒಂದಾಣೆಯ ಕೊತ್ತಂಬರಿ ಸೊಪ್ಪು’ ಎಂದಿತ್ತು. ಬ್ಯಾಂಕಿನ ಅನುಭವವೆಲ್ಲ ಖರ್ಚಾದದ್ದು ಅಲ್ಲಿ: ಹಣದುಬ್ಬರ ಲೆಕ್ಕ ಹಾಕುವಷ್ಟರಲ್ಲಿ ಸೊಪ್ಪು ಬಾಡಿತು.

ಶಾಸ್ತ್ರಿಗಳು ಅತಿಥಿಗಳಿಗೆಂದು ಕಾದಿರಿಸಿದ ಅಸ್ತ್ರ 1025ರ ‘ಲೋಕೋಪಕಾರ’ದ ಇಡ್ಲಿ. ಚಾವುಂಡರಾಯನ ಇಡ್ಲಿಗೆ ಅಕ್ಕಿ ಇಲ್ಲ. ಮಜ್ಜಿಗೆಯಲ್ಲಿ ನೆನೆಸಿದ ಉದ್ದಿಗೆ ಮೆಣಸು, ಜೀರಿಗೆ, ಕೊತ್ತಂಬರಿ, ಇಂಗು. ಮಿಕ್ಸಿ ಅಪಚಾರವಾದ್ದರಿಂದ ಬಾಲ್ಕನಿಗೆ ಒರಳು ಬಂತು. ಲಿಫ್ಟಿನಲ್ಲಿ ತರಕೂಡದೆಂದು ಸೆಕ್ಯುರಿಟಿಯವನು ತಡೆದಿದ್ದರಿಂದ ಮೆಟ್ಟಿಲ ಮೇಲೇ ಬಂತು. ಹೊತ್ತವರು ಇಬ್ಬರು ಕೂಲಿಯವರು, ರುಬ್ಬಿದವರು ಮನೆಯವರು, ಪರಂಪರೆ ಉಳಿಸಿದವರು ಶಾಸ್ತ್ರಿಗಳು. ಬೆಳಗಿನ ಜಾವದ ಗುಡುಗುಡು ಶಬ್ದಕ್ಕೆ ಮೂರನೇ ಮಹಡಿಯವರು ಅಸೋಸಿಯೇಷನ್ನಿಗೆ ಪತ್ರ ಬರೆದರು. ಅತಿಥಿಗಳು ಇಡ್ಲಿಯನ್ನು ಬಹಳ ಹೊತ್ತು ಅಗಿದು, “ಐತಿಹಾಸಿಕವಾಗಿದೆ” ಎಂದರು. ಎರಡನೆಯದನ್ನು ಯಾರೂ ಕೇಳಲಿಲ್ಲ.

ಕಳೆದ ವಾರ ಶಾಸ್ತ್ರಿಗಳು ಇನ್ನು ರಾಜಭೋಜನವೇ ಎಂದು ಘೋಷಿಸಿದರು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ವನ್ನು ಕೈಗೆತ್ತಿಕೊಂಡು, ಮೂಲಕ್ಕೆ ಎಳ್ಳಷ್ಟೂ ತಪ್ಪಬಾರದು ಎಂದರು. ಅವರ ಮನೆಯವರು ಆ ಪುಸ್ತಕವನ್ನು ಎರಡು ದಿನ ಮೊದಲೇ ಓದಿಟ್ಟಿದ್ದರು.

“ರೀ, ಇದರಲ್ಲಿ ಹೊಲದ ಕರೀ ಇಲಿ ಬೇಯಿಸೋ ಕ್ರಮಾನೂ ಇದೆ. ಬೋನು ಅಟ್ಟದ ಮೇಲಿದೆ, ಇಳಿಸಲಾ? ಆದರೆ ರುಬ್ಬೋದು, ಸುಲಿಯೋದು ಎಲ್ಲ ಇನ್ನು ನಿಮ್ಮದೇ.”

ಆ ರಾತ್ರಿ ಮನೆಯಲ್ಲಿ ಉಪ್ಪಿಟ್ಟು. ಹಸಿಮೆಣಸಿನಕಾಯಿ ಹೆಚ್ಚಿಕೊಟ್ಟವರು ಸ್ವತಃ ಶಾಸ್ತ್ರಿಗಳು. “ಬಂದು ಐನೂರು ವರ್ಷ ಆಯಿತು, ಇನ್ನೂ ಎಷ್ಟು ದಿನ ಇವನ್ನ ಹೊರಗಿನವು ಅನ್ನೋದು?” ಎಂದರಂತೆ.