ಆರನೆಯ ಮಹಡಿಯ ಕೃಷಿಕರು

ಡೊಂಬಿವಲಿ ಪೂರ್ವದ ಮಾನ್ಪಾಡಾ ರಸ್ತೆಯಲ್ಲಿ, ಆರನೆಯ ಮಹಡಿಯ ಮನೆಯೊಂದರಲ್ಲಿ ವಾಸಿಸುವ ನಮ್ಮ ಪಹಣಿರಾಯರಿಗೆ ತಂದೆತಾಯಿಗಳಿಟ್ಟ ನಾಮಧೇಯ ಬೇರೆಯೇ ಆದರೂ ಮಿತ್ರವರ್ಗದಲ್ಲಿ ಸ್ಥಿರವಾಗಿರುವುದು ಈ ಬಿರುದೇ. ಸಿಂದಗಿ ತಾಲೂಕಿನ ನಾಲ್ಕು ಎಕರೆ ಎರೆಭೂಮಿಗೆ ಅವರು ಒಡೆಯರು. ಆ ಮಣ್ಣಿಗೂ ಅವರ ಪಾದಗಳಿಗೂ ಸಂಬಂಧ ಎಂದೋ ಕಡಿದಿದ್ದರೂ, ಪಹಣಿಯ ಒಂಬತ್ತನೆಯ ಕಾಲಮಿಗೂ ಅವರ ಹೆಸರಿಗೂ ಇರುವ ಸಂಬಂಧವು ಅವಿಚ್ಛಿನ್ನವಾದುದು.

2019ರ ಫೆಬ್ರುವರಿಯಲ್ಲಿ ಪಿಎಂ-ಕಿಸಾನ್ ಸಮ್ಮಾನ್ ನಿಧಿಯು ಅವತರಿಸಿ, ವರ್ಷಕ್ಕೆ 6,000 ರೂಪಾಯಿಗಳನ್ನು ನಾಲ್ಕು ತಿಂಗಳಿಗೊಮ್ಮೆ 2,000ದಂತೆ ಭೂಮಾಲೀಕರ ಖಾತೆಗಳಿಗೆ ಸುರಿಸತೊಡಗಿದಾಗ, ರಾಯರು ಠಾಣೆಯ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತ ಆದಾಯತೆರಿಗೆ ತೆರುತ್ತಿದ್ದರಾದ ಕಾರಣ, ವೈದ್ಯ ವಕೀಲ ಇಂಜಿನಿಯರರೊಡನೆ ಅನರ್ಹರ ಪಂಕ್ತಿಯಲ್ಲಿ ಕುಳಿತಿರಬೇಕಾಯಿತು. ಆಮೇಲೆ ನಿವೃತ್ತಿಯಾಯಿತು, ತೆರಿಗೆ ನಿಂತಿತು, ಪ್ರಾವಿಡೆಂಟ್ ಫಂಡಿನ ಪಿಂಚಣಿಗೋ, ಅನರ್ಹತೆಯ ಗಡಿಯಾದ ಹತ್ತು ಸಾವಿರವನ್ನು ದೂರದಿಂದ ನೋಡುವ ಯೋಗವೂ ಇರಲಿಲ್ಲ. ಹೀಗೆ, ನೇಗಿಲು ಹಿಡಿದು ಅಲ್ಲ, ಲೇಖನಿ ಕೆಳಗಿಟ್ಟು ರಾಯರು ರೈತರಾದರು.

ಇ-ಕೆವೈಸಿಗಾಗಿ ಮುಖ ತೋರಿಸಬೇಕಾದ ದಿನ ಅವರು ಇಸ್ತ್ರಿಯ ಅಂಗಿ ತೊಟ್ಟು, ಬಾಲ್ಕನಿಯ ಕರಿಬೇವಿನ ಕುಂಡವನ್ನು ಹಿನ್ನೆಲೆಗೆ ಸರಿಸಿಕೊಂಡು, ಮೊಬೈಲಿನ ಆಜ್ಞೆಯಂತೆ ಕಣ್ಣು ಮಿಟುಕಿಸಿದ ಗಾಂಭೀರ್ಯವನ್ನು ಕಂಡ ಅವರ ಪತ್ನಿಯು, “ಮುಂಜಿವ್ಯಾಗೂ ಇಷ್ಟು ಶ್ರದ್ಧಾ ಇದ್ದಿಲ್ಲಂತ ಅತ್ತಿಯವರು ಹೇಳತಿದ್ದರು” ಎಂದರಂತೆ.

ಅಂದಿನಿಂದ ಅವರ ನುಡಿಯಲ್ಲಿ ‘ನಾವು ರೈತರು’ ಎಂಬ ಬಹುವಚನ ನೆಲೆಸಿತು. ವಾಶಿಯ ಮಾರುಕಟ್ಟೆಯಲ್ಲಿ ತೊಗರಿಬೇಳೆಯನ್ನು ಅಂಗೈಯಲ್ಲಿ ಹರಡಿ, “ಮೀ ಪಣ ಶೇತಕರೀ ಆಹೇ”, ನಾನೂ ರೈತನೇ, ಎಂದು ದರ ಇಳಿಸಲು ಹವಣಿಸುತ್ತಾರೆ. ಇದನ್ನು ಕೇಳಿ ನಗುವ ಅವರ ಕೋಪರಖೈರಣೆಯ ಮಿತ್ರರು, ಬಾಲ್ಯದಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಭತ್ತ ನೆಟ್ಟವರು. ಆದರೆ 1970ರಲ್ಲಿ ಹುಟ್ಟಿದ ಸಿಡ್ಕೋ ಸಂಸ್ಥೆಯು ನವಿ ಮುಂಬಯಿಯನ್ನು ಕಟ್ಟಲು ಅವರ ಗದ್ದೆಗಳನ್ನು ಪಡೆದುದರಿಂದ ಸಾತ್-ಬಾರಾ ಎಂಬ ಮರಾಠಿ ಪಹಣಿಯೇ ಇಲ್ಲದವರಾಗಿ, ಸರಕಾರದ ದೃಷ್ಟಿಯಲ್ಲಿ ರಾಯರಿಗಿಂತ ಕಡಿಮೆ ರೈತರು.

ಸಿಂದಗಿಯ ಹೊಲವನ್ನು ನಿಜವಾಗಿ ಉಳುವವನೊಬ್ಬನಿದ್ದಾನೆ. 1974ರ ಭೂಸುಧಾರಣೆಯು ಉಳುವವನನ್ನೇ ಒಡೆಯನನ್ನಾಗಿ ಮಾಡಿದಾಗ, ಗೇಣಿದಾರನ ಹೆಸರು ಕಾಗದದಲ್ಲಿದ್ದ ತಪ್ಪಿಗೆ ರಾಯರ ತಂದೆಯವರು ಬಾವಿಯಿದ್ದ ತೋಟವನ್ನು ಕಳೆದುಕೊಂಡಿದ್ದರು. ಗೇಣಿ ಕೊಡುವುದೇ ಕಾನೂನಿಗೆ ವಿರುದ್ಧವಾದ ಮೇಲೆ ಲಾವಣಿಯು ಬಾಯಿಮಾತಿಗಿಳಿಯಿತು. ಸಾಗುವಳಿದಾರನ ಹೆಸರು ಬರೆಯಬೇಕಾದ ಹನ್ನೆರಡನೆಯ ಕಾಲಮಿನಲ್ಲೂ ‘ಸ್ವಂತ’ ಎಂಬ ಶಬ್ದವೇ ವಿರಾಜಿಸಿತು. ಅಂದು ಭಯದಿಂದ ಅಳಿಸಿದ ಹೆಸರನ್ನು ಇಂದು ಸರಕಾರವು ದೆಹಲಿಯಿಂದ ಎಷ್ಟು ಇಣುಕಿದರೂ ಕಾಣದು. ಕಾಣುವುದು ಒಡೆಯನ ಆಧಾರ್ ಮಾತ್ರ. ಮಳೆ ಕೈಕೊಟ್ಟರೆ ನಷ್ಟ ಉಳುವವನದು, ಸಮ್ಮಾನ ರಾಯರದು.

ರಾಯರು ದುಷ್ಟರಲ್ಲ, ಕಂತು ಬಂದೊಡನೆ ಅವನಿಗೇ ಮೊದಲು ಫೋನು ಮಾಡಿ ಹರ್ಷವನ್ನು ಹಂಚಿಕೊಳ್ಳುತ್ತಾರೆ, ಹಣವನ್ನಲ್ಲ. ಕಳೆದ ಕಂತಿನಂದು ಅವನು ಶಾಂತನಾಗಿ, “ರೊಕ್ಕ ನಿಮಗ ಬರ್ಲಿ ರಾಯರ, ನಮ್ಮದೇನ ತಕರಾರಿಲ್ಲ. ಈ ಸಲ ನಾಕ ದಿನ ಬಂದು ಹೊಲಾನೂ ನೀವ ಹರಗಿ ಹೋಗ್ರಿ” ಎಂದನು. ರಾಯರು ತುಸುವೂ ವಿಚಲಿತರಾಗದೆ ಉತ್ತರವಿತ್ತರು: “ಸರಕಾರ ಅದಕ್ಕೂ ಒಂದು ಆ್ಯಪ್ ತರಲಿ ತಮ್ಮಾ, ಇಲ್ಲೇ ನಿಂತು ಕಣ್ಣು ಮಿಟುಕಿಸಿ ಹರಗತೇನಿ.”